ಮಲಗುವ ಕೋಣೆಯಿಂದ ಗ್ರ್ಯಾಮಿಗೆ: ಬಿಲ್ಲಿ ಐಲಿಶ್ ನಡೆದ ದಾರಿ ಉಡುಪಿಯ ಮನೆಗೆ ಹೊಂದುತ್ತದೆಯೇ?

ಕಡಿಯಾಳಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಉಡುಪಿಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ವಯಸ್ಸು ಹದಿನೇಳು. ಎಂಟನೆಯ ತರಗತಿಯಿಂದಲೂ ತಾನೇ ಹಾಡು ಬರೆದು, ತಾನೇ ರಾಗ ಕೂಡಿಸಿ ಹಾಡಿಕೊಳ್ಳುವ ಅಭ್ಯಾಸ ಅವಳಿಗಿದೆ. ಹೆಚ್ಚಿನವು ಕನ್ನಡದಲ್ಲಿ, ಎರಡು-ಮೂರು ತುಳುವಿನಲ್ಲಿ. ಗಣಿತದ ನೋಟ್‌ಪುಸ್ತಕವನ್ನು ಮುಂದಿನಿಂದ ತೆರೆದರೆ ಇಂಟಿಗ್ರೇಶನ್, ಹಿಂದಿನಿಂದ ತೆರೆದರೆ ಪಲ್ಲವಿ.

ಸಿಇಟಿಯ ಮಾತೆತ್ತಿದರೆ ಸಾಕು, ಅಮೆರಿಕದ ಹಾಡುಗಾರ್ತಿ ಬಿಲ್ಲಿ ಐಲಿಶ್‌ಳ ಕಥೆ ಶುರುವಾಗುತ್ತದೆ. ಆಕೆ ಹದಿಮೂರನೆಯ ವಯಸ್ಸಿನಲ್ಲಿ ಮನೆಯಲ್ಲೇ ಹಾಡು ಬರೆದು ಅಂತರ್ಜಾಲಕ್ಕೆ ಏರಿಸಿದಳಂತೆ, ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲವಂತೆ, ಹದಿನೆಂಟಕ್ಕೆ ಜಗತ್ತಿನ ದೊಡ್ಡ ಪ್ರಶಸ್ತಿಗಳೆಲ್ಲ ಮನೆಗೆ ಬಂದವಂತೆ. ಬೆಳಗಿನ ಕಾಫಿಯ ಹೊತ್ತಿಗೆ ದಿನವೂ ಇದೇ ವಾದ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಈ ಲೋಕ ನನಗೆ ತಿಳಿಯದು. ಇದರ ನಡುವೆ ಹಾಡುಗಳನ್ನು ಬಿಡುಗಡೆ ಮಾಡುವ ಸಂಸ್ಥೆಯೊಂದು ಅವಳ ರೀಲ್ ನೋಡಿ ಸಂಪರ್ಕಿಸಿದೆ. ನಲವತ್ತೈದು ಸಾವಿರ ರೂಪಾಯಿ ಕಟ್ಟಿದರೆ ಒಂದು ಹಾಡನ್ನು "ಲಾಂಚ್" ಮಾಡಿಕೊಡುವುದಾಗಿ ಹೇಳಿ, ಹನ್ನೊಂದು ಪುಟಗಳ ಕರಾರನ್ನು ಕಳುಹಿಸಿದೆ.

ಆ ಹುಡುಗಿಯ ಜೀವನದಲ್ಲಿ ನಿಜವಾಗಿ ನಡೆದದ್ದೇನು ಎಂಬುದನ್ನು ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಮಗಳನ್ನು ಬಾಯಿ ಮುಚ್ಚಿಸುವ ಉದ್ದೇಶ ನನಗಿಲ್ಲ.

ನೀಲಿಕಣ್ಣು_ಮಣಿಪಾಲ

ಆಂಟಿ, ನಿಮ್ಮ ಮಗಳು ಹೇಳಿದ್ದು ಬಹುಪಾಲು ಸರಿಯೇ. 2020ರ ಜನವರಿ 26ರ ರಾತ್ರಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯ ನಾಲ್ಕು ಮುಖ್ಯ ಪ್ರಶಸ್ತಿಗಳನ್ನೂ, ಅಂದರೆ ವರ್ಷದ ಆಲ್ಬಂ, ವರ್ಷದ ರೆಕಾರ್ಡ್, ವರ್ಷದ ಹಾಡು, ಅತ್ಯುತ್ತಮ ಹೊಸ ಕಲಾವಿದೆ, ಎಲ್ಲವನ್ನೂ ಆಕೆ ಒಂದೇ ಸಲಕ್ಕೆ ಗೆದ್ದಳು. ಅದಕ್ಕೆ ಮೊದಲು ಒಂದೇ ರಾತ್ರಿ ಹಾಗೆ ಗೆದ್ದಿದ್ದವರು ಒಬ್ಬರೇ, 1981ರಲ್ಲಿ ಕ್ರಿಸ್ಟೋಫರ್ ಕ್ರಾಸ್. 2019ರ ಆಗಸ್ಟ್‌ನಲ್ಲಿ "ಬ್ಯಾಡ್ ಗೈ" ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದಾಗ, ಈ ಶತಮಾನದಲ್ಲಿ ಹುಟ್ಟಿ ಆ ಸ್ಥಾನ ತಲುಪಿದ ಮೊದಲ ಕಲಾವಿದೆಯೂ ಆಕೆಯೇ ಆದಳು. 2022 ಮತ್ತು 2024ರಲ್ಲಿ ಆಸ್ಕರ್ ಕೂಡ ಬಂತು. ಎರಡನೆಯದು ಬಂದಾಗ ವಯಸ್ಸು ಇಪ್ಪತ್ತೆರಡು, ಅಷ್ಟು ಚಿಕ್ಕ ವಯಸ್ಸಿನಲ್ಲಿ ಎರಡು ಆಸ್ಕರ್ ಪಡೆದವರು ಬೇರೆ ಯಾರೂ ಇಲ್ಲ. ದಯವಿಟ್ಟು ಅವಳನ್ನು ತಡೆಯಬೇಡಿ.

ಪರ್ಕಳ_ಸೌಂಡ್

ಪಟ್ಟಿ ಸರಿಯಿದೆ, ಆದರೆ ಅಮ್ಮ ಕೇಳಿದ್ದು ಪ್ರಶಸ್ತಿಗಳ ಪಟ್ಟಿಯನ್ನಲ್ಲ. ಎರಡು ತಿದ್ದುಪಡಿಗಳನ್ನು ಹೇಳಿಬಿಡುತ್ತೇನೆ.

ಒಂದನೆಯದು, ಹದಿಮೂರರಲ್ಲಿ ಆಕೆ ಹಾಡಿದ "ಓಷನ್ ಐಸ್" ಆಕೆ ಬರೆದ ಹಾಡಲ್ಲ. ಅದನ್ನು ಬರೆದವನು ನಾಲ್ಕು ವರ್ಷ ದೊಡ್ಡವನಾದ ಅಣ್ಣ ಫಿನಿಯಸ್, ಅದೂ ತನ್ನ ಬ್ಯಾಂಡಿಗೆಂದು. ತಂಗಿಯ ನೃತ್ಯ ಶಿಕ್ಷಕರು ಕುಣಿತ ಸಂಯೋಜಿಸಲು ಹಾಡೊಂದನ್ನು ಕೇಳಿದ್ದರು. ಆ ಹಾಡು ತಂಗಿಯ ಕಂಠಕ್ಕೆ ಹೊಂದುತ್ತದೆಂದು ಅಣ್ಣನಿಗೆ ಅನ್ನಿಸಿತು. ಶಿಕ್ಷಕರ ಕೈಗೆ ಸುಲಭವಾಗಿ ಸಿಗಲೆಂದು 2015ರ ನವೆಂಬರ್‌ನಲ್ಲಿ ಅದನ್ನು ಸೌಂಡ್‌ಕ್ಲೌಡ್ ಎಂಬ ಹಾಡು ಹಂಚುವ ಜಾಲತಾಣಕ್ಕೆ ಏರಿಸಿದರು. ಆಗ ಆಕೆಗೆ ಹದಿನಾಲ್ಕು ತುಂಬಲು ಒಂದು ತಿಂಗಳಿತ್ತು. ಜಗತ್ತನ್ನು ಗೆಲ್ಲುವ ಯೋಜನೆಯೇನೂ ಅಲ್ಲಿರಲಿಲ್ಲ. ಹೆಚ್ಚು ಕಾಲ ಕಳೆಯುವ ಮೊದಲೇ ಸೊಂಟದ ಬೆಳವಣಿಗೆಯ ಮೂಳೆಗೆ ಪೆಟ್ಟಾಗಿ ನೃತ್ಯ ನಿಂತೇಹೋಯಿತು, ಉಳಿದದ್ದು ಹಾಡು.

ಎರಡನೆಯದು, ಶಾಲೆಗೆ ಹೋಗದಿರುವುದೂ ಓದದಿರುವುದೂ ಒಂದೇ ಅಲ್ಲ. ಅಣ್ಣ-ತಂಗಿ ಇಬ್ಬರಿಗೂ ಮನೆಯಲ್ಲೇ ಪಾಠ. ಅವರ ತಾಯಿ ಮ್ಯಾಗಿ ಬೇರ್ಡ್ ಮಕ್ಕಳಿಗೆ ಹಾಡು ಕಟ್ಟುವುದನ್ನೇ ಒಂದು ತರಗತಿಯಾಗಿ ಕಲಿಸಿದವರು. ಎಂಟನೆಯ ವಯಸ್ಸಿನಿಂದ ಬಿಲ್ಲಿ ಲಾಸ್ ಏಂಜಲೀಸ್‌ನ ಮಕ್ಕಳ ಗಾಯನವೃಂದದಲ್ಲಿದ್ದಳು. ಮೊದಲ ಹಾಡು ಕೇಳಿಬರುವ ಮೊದಲೇ ಐದಾರು ವರ್ಷಗಳ ಸ್ವರಾಭ್ಯಾಸ ಆಗಿತ್ತು ಎಂಬುದನ್ನು ಕಾಫಿಯ ಹೊತ್ತಿನ ವಾದಕ್ಕೆ ಸೇರಿಸಿಕೊಳ್ಳಿ.

ಕಾರಣ_ಕೊಡಿ

ಅಪ್ಪ-ಅಮ್ಮ ಇಬ್ಬರೂ ನಟರು, ಊರು ಲಾಸ್ ಏಂಜಲೀಸ್. ಇದನ್ನು "ಸಾಮಾನ್ಯ ಮನೆಯ ಹುಡುಗಿ" ಎಂದು ಮಾರುವುದು ಪ್ರಚಾರ ಕಲೆಯಷ್ಟೇ. ಕಡಿಯಾಳಿಯಲ್ಲಿ ಕುಳಿತು ಹಾಡಿದರೆ ಯಾವ ಕಂಪನಿಯವನು ಬಾಗಿಲು ತಟ್ಟುತ್ತಾನೆ?

ನೀಲಿಕಣ್ಣು_ಮಣಿಪಾಲ

ತಟ್ಟಿದ್ದಾನಲ್ಲ, ನಲವತ್ತೈದು ಸಾವಿರ ಕೇಳಿಕೊಂಡು.

ಪರ್ಕಳ_ಸೌಂಡ್

@ಕಾರಣ_ಕೊಡಿ, ಊರಿನ ಲಾಭ ಇದ್ದೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ತಂದೆ-ತಾಯಿ ತಾರೆಗಳಲ್ಲ, ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದವರು; ಹೈಲ್ಯಾಂಡ್ ಪಾರ್ಕ್‌ನಲ್ಲಿ ಎರಡೇ ಮಲಗುವ ಕೋಣೆಗಳ ಮನೆ. 2019ರ ಮಾರ್ಚ್‌ನಲ್ಲಿ ಬಂದ ಮೊದಲ ಆಲ್ಬಂನ ಬಹುಭಾಗ ಧ್ವನಿಮುದ್ರಣಗೊಂಡದ್ದು ಫಿನಿಯಸ್‌ನ ಕೋಣೆಯಲ್ಲಿ, ತಂಗಿ ಮಂಚದ ಮೇಲೆ ಕುಳಿತು ಹಾಡುತ್ತಿದ್ದಳು. ನನ್ನಂಥ ಶಬ್ದದ ಕೆಲಸದವರಿಗೆ ಕುತೂಹಲದ ಸಂಗತಿಯೆಂದರೆ ಅವರು ಸುತ್ತಲಿನ ಸದ್ದುಗಳನ್ನು ಬಳಸಿಕೊಂಡ ರೀತಿ. ಆಸ್ಟ್ರೇಲಿಯಾದಲ್ಲಿ ರಸ್ತೆ ದಾಟುವಾಗ ಕೇಳಿಸಿದ ಸಿಗ್ನಲ್ಲಿನ ಟಿಕ್-ಟಿಕ್ ಅನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು "ಬ್ಯಾಡ್ ಗೈ" ಒಳಗೆ ಕೂರಿಸಿದ್ದಾರೆ. ಇನ್ನೊಂದು ಹಾಡಿನಲ್ಲಿ ದಂತವೈದ್ಯರ ಯಂತ್ರದ ಸದ್ದೇ ಇದೆ. ಇಂಥ ಕಿವಿಯನ್ನು ಹಣ ಕೊಟ್ಟು ತರಲಾಗುವುದಿಲ್ಲ. ಮೊದಲ ಹಾಡು 2015ರಲ್ಲಿ, ಕಂಪನಿಯ ಜತೆ ಒಪ್ಪಂದ 2016ರಲ್ಲಿ, ಸಣ್ಣ ಸಂಕಲನ 2017ರಲ್ಲಿ, ಪೂರ್ಣ ಆಲ್ಬಂ 2019ರಲ್ಲಿ. ರಾತ್ರಿ ಬೆಳಗಾಗುವುದರೊಳಗೆ ಆದದ್ದಲ್ಲ.

ಮದ್ದಳೆ_ಮನೆ

ಅಣ್ಣ ಬರೆದ, ತಂಗಿ ಹಾಡಿದಳು ಎಂದಕೂಡಲೇ ಆಕೆಯ ಬೆಲೆ ಕುಗ್ಗಿತು ಎಂಬ ಧ್ವನಿ ಮೇಲಿನ ತಿದ್ದುಪಡಿಯಲ್ಲಿ ಕೇಳಿಸಿತು, ಅದಕ್ಕಾಗಿ ಬರೆಯುತ್ತಿದ್ದೇನೆ. ಯಕ್ಷಗಾನದ ಊರಿನವರು ನಾವು. ಪ್ರಸಂಗ ಬರೆದ ಕವಿ ಒಬ್ಬ, ಅದನ್ನು ರಂಗದ ಮೇಲೆ ನಡೆಸುವ ಭಾಗವತ ಇನ್ನೊಬ್ಬ. ಅದೇ ಪದ್ಯವನ್ನು ಒಬ್ಬ ಭಾಗವತ ಹಾಡಿದರೆ ಜನ ಚಾಪೆ ಮಡಚುತ್ತಾರೆ, ಇನ್ನೊಬ್ಬ ಹಾಡಿದರೆ ಬೆಳಗಿನವರೆಗೆ ಕದಲುವುದಿಲ್ಲ. ಯುವ ಹಾಡುಗಾರರ ಮಾತು ಬಂದಾಗ ಗುಂಡ್ಮಿ ಕಾಳಿಂಗ ನಾವುಡರನ್ನು ಯಾಕೆ ಮರೆಯಬೇಕು? ಎಳೆಯ ವಯಸ್ಸಿನಲ್ಲೇ ಸಾಲಿಗ್ರಾಮ ಮೇಳದ ಭಾಗವತರಾಗಿ ಮನೆಮಾತಾದವರು; "ನಾಗಶ್ರೀ" ಪ್ರಸಂಗ ಬರೆದವರೂ ಅವರೇ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತರ ಆಸುಪಾಸು. ನನ್ನ ತಂದೆಯವರು ಅವರ ಆಟದ ಕ್ಯಾಸೆಟ್ ಹಾಕಿದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ, ಅಮ್ಮ ತಟ್ಟೆಯನ್ನು ಜಗಲಿಗೇ ತಂದಿಡಬೇಕಾಗಿತ್ತು. ಬರೆಯುವುದು, ಹಾಡುವುದು, ಎರಡನ್ನೂ ಬಲ್ಲ ಯುವಕ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಬೇಕೆಂದೇನೂ ಇಲ್ಲ.

ಪರ್ಕಳ_ಸೌಂಡ್

ಮದ್ದಳೆಯವರೇ, ಬೆಲೆ ಕುಗ್ಗಿಸುವ ಉದ್ದೇಶ ನನ್ನದಲ್ಲ. ಮುಂದಿನ ಹಾಡುಗಳಲ್ಲಿ ಹೆಚ್ಚಿನವನ್ನು ಇಬ್ಬರೂ ಸೇರಿಯೇ ಬರೆದಿದ್ದಾರೆ. ಒಂಟಿ ಪ್ರತಿಭೆಯ ಕಥೆಯಾಗಿ ಅದನ್ನು ಹೇಳುವುದು ತಪ್ಪು ಎಂದಷ್ಟೇ ನನ್ನ ಮಾತು.

ಬೆಂದೂರ್_ಬಾಸ್

ಮಂಗಳೂರಿನಿಂದ ನನ್ನದೂ ಎರಡು ಮಾತು. ಇಪ್ಪತ್ತು ವರ್ಷ ಚರ್ಚಿನ ಕಾಯಿರ್‌ನಲ್ಲಿ ಕೆಳಗಿನ ಸ್ವರ ಹಿಡಿದು ನಿಂತವನು ನಾನು. ಬಿಲ್ಲಿ ಐಲಿಶ್‌ಳ ಪಿಸುಗುಟ್ಟುವಂಥ ಹಾಡುಗಾರಿಕೆಯನ್ನು ಮೊದಲು ಕೇಳಿದಾಗ ಇದೇನು, ಗಂಟಲು ಕಟ್ಟಿದೆಯೇ ಎಂದು ನಗಾಡಿದ್ದೆ. ಹೆಡ್‌ಫೋನ್ ಹಾಕಿಕೊಂಡು ಎರಡನೆಯ ಸಲ ಕೇಳಿದಾಗ, ಒಂದೇ ಕಂಠದ ಮೇಲೆ ಅದೇ ಕಂಠವನ್ನು ಪದರ ಪದರವಾಗಿ ಕೂಡಿಸಿರುವುದು ಗೊತ್ತಾಯಿತು. ಒಂದು ಪದರವೂ ಶ್ರುತಿ ಬಿಟ್ಟಿಲ್ಲ. ಗಾಯನವೃಂದದಲ್ಲಿ ಬೆಳೆದ ಮಕ್ಕಳ ಲಕ್ಷಣ ಅದು. ಪಕ್ಕದವರ ಸ್ವರ ಕೇಳುತ್ತ ತನ್ನ ಸ್ವರ ಹಾಡುವುದನ್ನು ಅಲ್ಲಿ ಕಲಿಯುತ್ತೇವೆ.

ನಮ್ಮಲ್ಲಿ ಇದಕ್ಕೆ ಜಾಗವೇ ಇಲ್ಲ ಎನ್ನುವವರಿಗೆ: ವಿಲ್ಫಿ ರೆಬಿಂಬಸ್ ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡಿ "ಕೊಂಕಣ್ ಕೋಗುಳ್" ಎನ್ನಿಸಿಕೊಂಡರು, 2010ರಲ್ಲಿ ತೀರಿಕೊಂಡರೂ ಇಂದಿಗೂ ಮದುವೆಯ ಹಿಂದಿನ ರೋಸ್ ಶಾಸ್ತ್ರ ಅವರ ಹಾಡಿಲ್ಲದೆ ನಡೆಯುವುದಿಲ್ಲ. 1986ರಲ್ಲಿ ಶುರುವಾದ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಮಾಂಡ್ ಸೊಭಾಣ್ 2008ರ ಜನವರಿಯಲ್ಲಿ ಶಕ್ತಿನಗರದ ಕಲಾಂಗಣದಲ್ಲಿ ನಲವತ್ತು ಗಂಟೆ ಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ಭಾಷೆ ಚಿಕ್ಕದಾದರೆ ಕೇಳುಗರು ಕಡಿಮೆ ಇರಬಹುದು, ಆದರೆ ಅವರು ಬಿಟ್ಟುಹೋಗುವವರಲ್ಲ.

ಕಾರಣ_ಕೊಡಿ

ಹೊಟ್ಟೆಪಾಡು?

ಬೆಂದೂರ್_ಬಾಸ್

ಹೊಟ್ಟೆಪಾಡಿಗೆ ನಾನು ಗ್ಯಾರೇಜ್ ನಡೆಸುತ್ತೇನೆ. ಹಾಡುವುದನ್ನೇನೂ ಬಿಟ್ಟಿಲ್ಲವಲ್ಲ.

ಹಂಪನಕಟ್ಟೆ_ವಕೀಲೆ

ಎಲ್ಲರೂ ಕರಾರಿನ ವಿಷಯವನ್ನು ದಾಟಿಹೋಗಿದ್ದೀರಿ, ತುರ್ತಿನದು ಅದೇ. ಕಡಿಯಾಳಿಯ ಅಕ್ಕ, ದಯವಿಟ್ಟು ಸಹಿ ಹಾಕಬೇಡಿ, ಹಣವನ್ನೂ ಕಳುಹಿಸಬೇಡಿ. ಮಗಳಿಗೆ ಹದಿನೆಂಟು ತುಂಬಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಅಪ್ರಾಪ್ತರು ಮಾಡಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲ, 1903ರಲ್ಲಿ ಆಗಿನ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಇದನ್ನು ಖಚಿತಪಡಿಸಿದ ಮೇಲೆ ಆ ವಿಷಯದಲ್ಲಿ ಗೊಂದಲವೇ ಉಳಿದಿಲ್ಲ. ಇದು ಆ ಸಂಸ್ಥೆಗೂ ಗೊತ್ತಿರುತ್ತದೆ. ಆದ್ದರಿಂದಲೇ ಅವರು ನಿಮ್ಮ ಸಹಿ ಕೇಳುತ್ತಿರುವುದು, ಹೊಣೆ ನಿಮ್ಮ ತಲೆಗೆ ಬರಲಿ ಎಂದು.

ಕೃತಿಸ್ವಾಮ್ಯವನ್ನು (ಕಾಪಿರೈಟ್) ಯಾವ ಮಾತಿನಲ್ಲಿ, ಎಷ್ಟು ಕಾಲಕ್ಕೆ ಬರೆದುಕೊಡಲು ಕೇಳಿದ್ದಾರೆ ಎಂಬುದನ್ನು ಇಲ್ಲಿ ಹಾಕುತ್ತೀರಾ? ಸಂಸ್ಥೆಯ ಹೆಸರು ಬೇಡ.

ಕಡಿಯಾಳಿ_ಅಮ್ಮ

ಧನ್ಯವಾದಗಳು ಮೇಡಂ. ಏಳನೆಯ ಪುಟದಲ್ಲಿ, ಈ ಹಾಡಿನ ಹಾಗೂ ಮುಂದಿನ ಮೂರು ವರ್ಷಗಳಲ್ಲಿ ಅವಳು ರಚಿಸುವ ಎಲ್ಲ ಹಾಡುಗಳ ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಣದ ಹಕ್ಕುಗಳು ಜಗತ್ತಿನಾದ್ಯಂತ, ಶಾಶ್ವತವಾಗಿ ಸಂಸ್ಥೆಗೆ ಸೇರುತ್ತವೆ ಎಂದಿದೆ. ರಾಯಲ್ಟಿಯನ್ನು, ಅಂದರೆ ಹಾಡಿನ ಬಳಕೆಯಿಂದ ಬರುವ ಹಣದ ಪಾಲನ್ನು, ಲೇಖಕರು "ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾರೆ" ಎಂಬ ಸಾಲೂ ಇದೆ. ನಾನು ಸಾಲದ ಕಾಗದಪತ್ರಗಳನ್ನು ದಿನವೂ ನೋಡುವವಳು. ಆದರೂ ಈ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿಬಿಟ್ಟಿದ್ದೆ ನೋಡಿ.

ಹಂಪನಕಟ್ಟೆ_ವಕೀಲೆ

ಅದೇ ಸಾಲು ಮುಖ್ಯ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಧ್ವನಿಮುದ್ರಣದಲ್ಲಿ ಸೇರಿರುವ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ತಮ್ಮ ರಾಯಲ್ಟಿಯ ಸಮಪಾಲನ್ನು ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ತಮ್ಮ ವಾರಸುದಾರರಿಗೆ ಅಥವಾ ಹಣ ಸಂಗ್ರಹಿಸಿ ಹಂಚುವ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ಸ್ವಇಚ್ಛೆಯಿಂದ ಬಿಟ್ಟಿದ್ದೇನೆಂದು ಬರೆದರೂ ಅದು ನಿಲ್ಲುವುದಿಲ್ಲ. ಸಾಹಿತ್ಯ-ಸಂಗೀತ ರಚಿಸುವವರ ಪರವಾಗಿ ನಮ್ಮ ದೇಶದಲ್ಲಿ ಈ ಕೆಲಸ ಮಾಡುವ ಸಂಘ ಐಪಿಆರ್‌ಎಸ್. ಇನ್ನು, ಹಾಡು ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ಬರೆದವರದು. ನೋಂದಣಿ ಮಾಡಿಸಿದರೆ ಸಾಕ್ಷ್ಯಕ್ಕೆ ಅನುಕೂಲ, ಮಾಡಿಸದಿದ್ದರೆ ಹಕ್ಕು ಹೋಗುವುದಿಲ್ಲ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಕಾನೂನು ತಿಳಿದುಕೊಳ್ಳುತ್ತದೆ. ಅದಕ್ಕೇ ಇವರು "ಶಾಶ್ವತವಾಗಿ", "ಜಗತ್ತಿನಾದ್ಯಂತ" ಎಂದು ಎಚ್ಚರಿಕೆಯಿಂದ ಬರೆದಿರುವುದು.

ಹಳೆಯ_ಕ್ಯಾಸೆಟ್

ನನಗೀಗ ಅರವತ್ತೆರಡು. ತೊಂಬತ್ತರ ದಶಕದಲ್ಲಿ ನಾನೇ ಬರೆದು ಹಾಡಿದ ಎಂಟು ಭಾವಗೀತೆಗಳನ್ನು ಒಂದು ಕ್ಯಾಸೆಟ್ ಸಂಸ್ಥೆಗೆ ಕೊಟ್ಟೆ. ಪತ್ರವೊಂದಕ್ಕೆ ಸಹಿ ಹಾಕಿಸಿಕೊಂಡರು, ಐವತ್ತು ಕ್ಯಾಸೆಟ್‌ಗಳನ್ನು ಕೈಗಿತ್ತರು, ಅದೇ ಸಂಭಾವನೆ. ಮೂರು ವರ್ಷ ಕಳೆದ ಮೇಲೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಡಲೆ ಕೊಳ್ಳುತ್ತಿದ್ದೆ, ಪಕ್ಕದ ಅಂಗಡಿಯ ಟೇಪ್‌ರೆಕಾರ್ಡರಿನಿಂದ ನನ್ನ ಹಾಡು ಬೇರೊಬ್ಬರ ಕಂಠದಲ್ಲಿ ಬಂತು. ಕ್ಯಾಸೆಟ್ ಕವರು ತೋರಿಸಿ ಎಂದೆ. ಸಾಹಿತ್ಯ ಎಂಬಲ್ಲಿ "ಸಂಗ್ರಹ" ಎಂದಿತ್ತು. ಅಂಗಡಿಯವನಿಗೆ ಇದು ನನ್ನ ಹಾಡು ಎಂದು ಹೇಳಿದೆ, ಅವನು ಇಪ್ಪತ್ತೆಂಟು ರೂಪಾಯಿ ಎಂದ. ಕೊಂಡುಕೊಂಡೆ. ಈಗಲೂ ಇದೆ.

ದಾಸರು ನಮಗಿಂತ ಜಾಣರು. ವಾದಿರಾಜರ ಪದವನ್ನು ಯಾರು ಎಲ್ಲಿ ಹಾಡಿದರೂ ಕೊನೆಯಲ್ಲಿ "ಹಯವದನ" ಬಂದೇ ಬರುತ್ತದೆ, ಕನಕದಾಸರದರಲ್ಲಿ "ಕಾಗಿನೆಲೆಯಾದಿಕೇಶವ". ಕರ್ತೃವಿನ ಹೆಸರನ್ನು ಕವರಿನ ಮೇಲಿನಿಂದ ಅಳಿಸಬಹುದು, ಚರಣದೊಳಗಿನ ಅಂಕಿತವನ್ನು ಅಳಿಸಿದರೆ ಪ್ರಾಸವೇ ಕೆಡುತ್ತದೆ.

ನೀಲಿಕಣ್ಣು_ಮಣಿಪಾಲ

ಸರ್, ಇದನ್ನು ಓದಿ ಬೇಸರವಾಯಿತು. ಈಗ ಪ್ರತಿಯೊಂದು ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಹಾಡನ್ನು ಸ್ಟ್ರೀಮಿಂಗ್‌ಗೆ ಕಳುಹಿಸುವಾಗ ಬರೆದವರ, ಸಂಗೀತ ಸಂಯೋಜಿಸಿದವರ ಹೆಸರುಗಳನ್ನು ಅದರ ಜತೆಗೇ ತುಂಬಬೇಕು. ಒಂದು ರೀತಿಯಲ್ಲಿ ಅದೇ ಈಗಿನ ಅಂಕಿತ.

ಹಳೆಯ_ಕ್ಯಾಸೆಟ್

ಹನ್ನೆರಡು ಅಂಕಿಗಳಿಗೆ ಪ್ರಾಸ ಹೊಂದಿಸುವುದು ಕಷ್ಟ ತಮ್ಮ.

ನೀಲಿಕಣ್ಣು_ಮಣಿಪಾಲ

ತಮ್ಮ ಅಲ್ಲ ಸರ್, ತಂಗಿ.

ಕಾರ್ಕಳ_ಮೇಷ್ಟ್ರು

ಹಾಡು, ಹಣ, ಹಕ್ಕು ಇಷ್ಟರ ಬಗ್ಗೆಯೇ ಚರ್ಚೆ ಸಾಗಿದೆ. ಆ ಹುಡುಗಿಯ ಬದುಕಿನ ಇನ್ನೊಂದು ಭಾಗವನ್ನು ಒಬ್ಬ ತಂದೆಯಾಗಿ ಹೇಳಬೇಕೆನಿಸಿತು. ಬಿಲ್ಲಿ ಐಲಿಶ್‌ಗೆ ಹನ್ನೊಂದನೆಯ ವಯಸ್ಸಿನಲ್ಲಿ ಟುರೆಟ್ ಸಿಂಡ್ರೋಮ್ ಇರುವುದು ಪತ್ತೆಯಾಗಿತ್ತು. ಕಣ್ಣು, ಕುತ್ತಿಗೆ, ಮುಖದ ಸ್ನಾಯುಗಳು ಇಚ್ಛೆ ಮೀರಿ ಸೆಳೆಯುವ ಸ್ಥಿತಿ ಅದು. ಜನರು ಸಂದರ್ಶನಗಳಲ್ಲಿನ ಆ ಸೆಳೆತಗಳನ್ನು ಕತ್ತರಿಸಿ ಕೂಡಿಸಿ ತಮಾಷೆಯ ವಿಡಿಯೋ ಮಾಡಿ ಹಂಚತೊಡಗಿದ ಮೇಲೆ, 2018ರಲ್ಲಿ ಆಕೆ ಅದನ್ನು ತಾನೇ ಬಹಿರಂಗವಾಗಿ ಹೇಳಿಕೊಂಡಳು. ಆಗ ಆಕೆಗೆ ಹದಿನಾರು. ಮೈಯ ಆಕಾರದ ಬಗ್ಗೆ ಯಾರೂ ಮಾತನಾಡಬಾರದೆಂದು ದೊಗಳೆ ಬಟ್ಟೆ ತೊಟ್ಟರೆ, ಆ ಬಟ್ಟೆಯ ಬಗ್ಗೆಯೇ ವರ್ಷಗಟ್ಟಲೆ ಮಾತನಾಡಿದರು.

ನನ್ನ ಮಗನಿಗೆ ಇದೇ ತೊಂದರೆಯಿದೆ. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಬೇಕೆಂದೇ ಕಣ್ಣು ಹೊಡೆಯುತ್ತಾನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದರು. ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆದಿದ್ದೇ ತೆಗೆದದ್ದು. ವೈದ್ಯರು ಹೆಸರು ಹೇಳಿದ ಮೇಲೆಯೂ ಅವನು ನಂಬಲಿಲ್ಲ, ಈ ಹಾಡುಗಾರ್ತಿಗೂ ಇದೇ ಇದೆಯೆಂದು ತಿಳಿದ ದಿನ ನಂಬಿದ. ಆಕೆಯ ಒಂದು ಹಾಡೂ ನನಗೆ ಅರ್ಥವಾಗುವುದಿಲ್ಲ, ಆದರೂ ಆಕೆಯನ್ನು ಕುರಿತು ಯಾರಾದರೂ ಹಗುರವಾಗಿ ಮಾತನಾಡಿದರೆ ನನಗೆ ಸಿಟ್ಟು ಬರುತ್ತದೆ.

ಕಡಿಯಾಳಿಯ ಅಮ್ಮನಿಗೆ ನನ್ನದೊಂದು ಪ್ರಶ್ನೆ. ರೀಲ್ ಹಾಕಿದ ಮೇಲೆ ಮಗಳು ಕಮೆಂಟುಗಳನ್ನು ಓದುತ್ತಾಳೆಯೇ? ಓದಿದ ದಿನ ಹೇಗಿರುತ್ತಾಳೆ?

ಕಡಿಯಾಳಿ_ಅಮ್ಮ

ಮೇಷ್ಟ್ರೇ, ನಿಮ್ಮ ಪ್ರಶ್ನೆಯನ್ನು ನಾನು ಅವಳಿಗೆ ಕೇಳಿರಲೇ ಇಲ್ಲ. ನಿನ್ನೆ ರಾತ್ರಿ ಕೇಳಿದೆ. ಓದುತ್ತಾಳಂತೆ. "ತುಳು ಉಚ್ಚಾರ ಸರಿಯಿಲ್ಲ, ಮನೆಯಲ್ಲಿ ಇಂಗ್ಲಿಷ್ ಮಾತನಾಡುವ ಜಾತಿ" ಎಂದು ಒಬ್ಬರು ಬರೆದಿದ್ದಾರಂತೆ, ಅಂದಿನಿಂದ ತುಳುವಿನಲ್ಲಿ ಬರೆಯುವುದನ್ನೇ ನಿಲ್ಲಿಸಿದ್ದಾಳೆ. ನನಗೆ ಗೊತ್ತೇ ಇರಲಿಲ್ಲ.

ಮದ್ದಳೆ_ಮನೆ

ಉಡುಪಿಯ ತುಳು ಬೇರೆ, ಪುತ್ತೂರಿನ ತುಳು ಬೇರೆ. ಯಾವ ಮಹಾಪಂಡಿತರು ಅದನ್ನು ಬರೆದವರು? ಮಗುವಿಗೆ ಬರೆಯಲು ಹೇಳಿ.

ಪರ್ಕಳ_ಸೌಂಡ್

ಅಮ್ಮ, ನಲವತ್ತೈದು ಸಾವಿರದ ಕಾಲು ಭಾಗ ಇದ್ದರೂ ಮನೆಯಲ್ಲೇ ಮುದ್ರಿಸಿಕೊಳ್ಳಬಹುದು. ಒಂದು ಸಾಧಾರಣ ಮೈಕ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್ ಸಾಕು. ನಮ್ಮಲ್ಲಿ ನಿಜವಾದ ಶತ್ರು ಮಳೆ. ಜುಲೈ ತಿಂಗಳಲ್ಲಿ ಹಂಚಿನ ಮಾಡಿನ ಕೆಳಗೆ ಪಿಸುಮಾತಿನ ಹಾಡು ಹಿಡಿಯುವುದೆಂದರೆ ಚೆಂಡೆಯ ಪಕ್ಕದಲ್ಲಿ ಜೋಗುಳ ಹಾಡಿದಂತೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ಕಂಡೆನ್ಸರ್ ಮೈಕ್ ಚಟಚಟ ಎನ್ನತೊಡಗುತ್ತದೆ. ನಾನು ನನ್ನದನ್ನು ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ತೇವ ಹೀರುವ ಪೊಟ್ಟಣಗಳ ಜತೆ ಇಡುತ್ತೇನೆ. ಕೋಣೆ ಗವ್ ಎನ್ನುತ್ತಿದ್ದರೆ ಬಟ್ಟೆಯ ಕಪಾಟಿನ ಬಾಗಿಲು ತೆರೆದು, ತೂಗುಹಾಕಿದ ಸೀರೆಗಳ ಕಡೆಗೆ ಮುಖ ಮಾಡಿ ಹಾಡಲಿ. ಬೆನ್ನ ಹಿಂದೆ ಒಂದು ಕಂಬಳಿ. ಫ್ರಿಜ್ ಮತ್ತು ಫ್ಯಾನ್ ಆರಿಸಿ. ಇನ್ವರ್ಟರ್ ಗುಂಯ್ ಎನ್ನುತ್ತಿದ್ದರೆ ಅದನ್ನೂ.

ಕಾರಣ_ಕೊಡಿ

ಇಷ್ಟೆಲ್ಲ ಆದ ಮೇಲೂ ಸಿಇಟಿ ಬರೆಯಬೇಕೋ ಬೇಡವೋ ಎಂಬುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಬೆಂದೂರ್_ಬಾಸ್

ಬರೆಯಲಿ ಮಾರಾಯ್ರೆ. ಬರೆದರೆ ಕಂಠ ಕಟ್ಟುತ್ತದೆಯೇ?

ಕಡಿಯಾಳಿ_ಅಮ್ಮ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕರಾರಿಗೆ ಒಪ್ಪಿಗೆಯಿಲ್ಲವೆಂದು ಇ-ಮೇಲ್ ಕಳುಹಿಸಿದೆ. ಮರುದಿನವೇ ಇಪ್ಪತ್ತು ಸಾವಿರಕ್ಕೆ ಇಳಿಸಿದರು, ಅದಕ್ಕೆ ಉತ್ತರ ಕೊಟ್ಟಿಲ್ಲ.

ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಮೈಕ್ ತಂದಿದ್ದ. ನಾನು ಈ ಪುಟವನ್ನೆಲ್ಲ ಮಗಳ ಕೈಗೇ ಕೊಟ್ಟು ಓದಿಸಿದೆ. ಅಣ್ಣ ಬರೆದ ಹಾಡೆಂಬುದು ಅವಳಿಗೂ ಮೊದಲೇ ಗೊತ್ತಿತ್ತಂತೆ, ನನಗೆ ಹೇಳದೆ ಮುಚ್ಚಿಟ್ಟಿದ್ದಳು. ಶನಿವಾರ ರಾತ್ರಿ ಎರಡೂವರೆಗೆ ಮಳೆ ನಿಂತಿತು. ನನ್ನ ಮದುವೆಯ ಧಾರೆ ಸೀರೆಯ ಎದುರು ನಿಂತು ಹಾಡಿದಳು, ನಾನು ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ಕುಳಿತಿದ್ದೆ. ಮೂರನೆಯ ಸಲ ಹಾಡುವಾಗ ಬಾವಿಯ ಕಡೆಯಿಂದ ಕಪ್ಪೆ ಶುರುವಾಯಿತು, ಅದನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಇರಲಿ ಬಿಡು, ತಾಳ ಸರಿಯಾಗಿದೆ ಎಂದು ಅಕ್ಕನ ಮಗ ಹಾಗೆಯೇ ಉಳಿಸಿದ್ದಾನೆ. ಹಾಡಿನ ಶುರುವಿಗೆ ಅವಳು ಕಾಲೇಜಿಗೆ ಹೋಗುವ ಬಸ್ಸಿನ ಕಂಡಕ್ಟರರ ಸೀಟಿ ಮತ್ತು "ರೈಟ್ ಪೋಯಿ" (ರೈಟ್, ಹೋಗೋಣ) ಕೂಗು ಇದೆ. ಫೋನಿನಲ್ಲಿ ಹಿಡಿದುಕೊಂಡಿದ್ದಾಳೆ, ಅವರ ಒಪ್ಪಿಗೆ ಕೇಳಿಯೇ. ಹಾಡು ತುಳುವಿನದು.

ಪರ್ಕಳ_ಸೌಂಡ್

ನನಗೊಂದು ಪ್ರತಿ ಕಳುಹಿಸಿ, ಮಿಕ್ಸ್ ನೋಡಿಕೊಡುತ್ತೇನೆ, ಹಣ ಬೇಡ. ಆದರೆ ವಾಟ್ಸಾಪ್‌ನಲ್ಲಿ ಆಡಿಯೋ ಆಗಿ ಕಳುಹಿಸಬೇಡಿ, ಅದು ಶಬ್ದವನ್ನು ಹಿಂಡಿಬಿಡುತ್ತದೆ. ವೇವ್ ಫೈಲ್‌ಗಳನ್ನು ಡ್ರೈವ್‌ಗೆ ಹಾಕಿ ಕೊಂಡಿ ಕೊಡಿ, ಕಂಠ, ಗಿಟಾರ್, ಸೀಟಿ ಎಲ್ಲವೂ ಬೇರೆ ಬೇರೆಯಾಗಿ.

ಮದ್ದಳೆ_ಮನೆ

ಕಪ್ಪೆಯದೂ ಬೇರೆ ಇದೆಯೇ?

ಕಡಿಯಾಳಿ_ಅಮ್ಮ

ಇಲ್ಲ, ಅದು ಕಂಠದ ಜತೆಗೇ ಬಂದಿದೆ. ಸೋಮವಾರ ಭೌತಶಾಸ್ತ್ರದ ಟೆಸ್ಟ್ ಇದೆ, ಮುಗಿದ ಮೇಲೆ ಕಳುಹಿಸುತ್ತಾಳಂತೆ.